ಹನ್ನೆರಡು ನಾಟಿನ ಹಡಗು ಬೇಕು

  2024ರಲ್ಲಿ ಬೆಂಗಳೂರಿನಿಂದ ಲಕ್ಷದ್ವೀಪದ ಅಗತ್ತಿಗೆ ನೇರ ವಿಮಾನ ಶುರುವಾದ ಮೇಲೆ ಕೇಳಿಬರುತ್ತಿರುವ ಪ್ರಶ್ನೆ ಇದು: ಪರಿಸರದ ಮೇಲೆ ಕಾಳಜಿ ಇರುವವರು ಹಾರಬೇಕೋ, ತೇಲಬೇಕೋ?

ತೇಲಬೇಕು ಎಂದು ಕಣ್ಣುಮುಚ್ಚಿ ಹೇಳುವವರ ಮೇಲೆ ನನ್ನದು ಹಳೆಯ ತಕರಾರು. ಯಾವ ಹಡಗು, ಎಷ್ಟು ವೇಗ, ಒಳಗೆಷ್ಟು ಜನ, ಎಷ್ಟು ಸರಕು ಎಂದು ಕೇಳದೆ ಇದಕ್ಕೆ ಉತ್ತರವಿಲ್ಲ. ನೀರು ಸೀಳಿಕೊಂಡು ಸಾಗುವ ಹಡಗಿನ ವೇಗ ಇಮ್ಮಡಿಯಾದರೆ ಎಂಜಿನ್ ಕೊಡಬೇಕಾದ ಶಕ್ತಿ ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ. ಹೊತ್ತು ಅರ್ಧಕ್ಕಿಳಿದರೂ ಅಷ್ಟೇ ದೂರಕ್ಕೆ ನಾಲ್ಕು ಪಟ್ಟು ಡೀಸೆಲ್ ಸುಡಬೇಕು. ಅಗತ್ತಿಗೆ ಬರುವ ಎಟಿಆರ್ ಪ್ರೊಪೆಲ್ಲರ್ ವಿಮಾನ. ಇಂಥ ಗಿಡ್ಡ ಹಾರಾಟದಲ್ಲಿ ಜೆಟ್‌ಗಿಂತ ಕಡಿಮೆ ಇಂಧನ ಕುಡಿಯುತ್ತದೆ. ಅರ್ಧ ಖಾಲಿ ಓಡುವ ವೇಗದ ಹಡಗು ತಲಾ ಲೆಕ್ಕದಲ್ಲಿ ಅದನ್ನು ಸೋಲಿಸುತ್ತದೆಂಬ ಭರವಸೆಯಿಲ್ಲ.

ಹಾಗೆಂದು ವಿಮಾನವೇ ಗೆದ್ದಿತೆ? ಜನವಸತಿಯಿರುವ ಹತ್ತು ದ್ವೀಪಗಳಲ್ಲಿ ವಿಮಾನ ನಿಲ್ದಾಣವಿರುವುದು ಅಗತ್ತಿಯಲ್ಲಿ ಮಾತ್ರ. ಉಳಿದ ಒಂಬತ್ತಕ್ಕೆ ಹೋಗುವವರು ಅಲ್ಲಿಳಿದು ಮತ್ತೆ ಸಮುದ್ರ ದಾಟಲೇಬೇಕು. ಅಕ್ಕಿ, ಸಿಮೆಂಟು, ವಿದ್ಯುತ್ತಿಗೆ ಬೇಕಾದ ಡೀಸೆಲ್ ಎಲ್ಲವೂ ನೀರಿನ ಮೇಲೆಯೇ ಬರುತ್ತವೆ. ಕಾಯಲಾಗದ ರೋಗಿಗೆ ಹೆಲಿಕಾಪ್ಟರ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಮಿಕ್ಕವರಿಗೆ ಬೇಕಾದದ್ದು ಜನ, ಸರಕು ಎರಡನ್ನೂ ಹೊತ್ತು ನಿಧಾನವಾಗಿ ಹೋಗುವ ಹಡಗು.

2024ರ ಮೇ ತಿಂಗಳಲ್ಲಿ ವೇಗದ ಹಡಗೊಂದು ದ್ವೀಪದ ಪ್ರಯಾಣಿಕರನ್ನು ಸುಮಾರು ಏಳು ಗಂಟೆಯಲ್ಲಿ ಮಂಗಳೂರಿಗೆ ತಂದಾಗ ಸಂಭ್ರಮವೋ ಸಂಭ್ರಮ. ಜನ ಬಂದದ್ದು ನನಗೂ ಖುಷಿಯೇ. ಆದರೆ ವೇಗವನ್ನೇ ಸಾಧನೆ ಎಂದು ಬಣ್ಣಿಸಿದ್ದನ್ನು ಒಪ್ಪಲಾರೆ. ಮಳೆಗಾಲದ ಅಬ್ಬರ ಶುರುವಾದರೆ ವೇಗದ ಹಡಗುಗಳು ನಿಲ್ಲುತ್ತವೆ, ಆಗ ದೊಡ್ಡ ಹಡಗೇ ಗತಿ.

ಈ ದಾರಿಯ ಹಳೆಯ ನಾವಿಕರನ್ನು ನೆನೆಯದೆ ಮುಂದೆ ಹೋಗಲಾರೆ. ರಹಮಾನಿ ಎಂಬ ಕೈಬರಹದ ಪುಸ್ತಕ ಅವರ ಶಾಸ್ತ್ರ. ಯಾವ ನಕ್ಷತ್ರ ಎಷ್ಟು ಎತ್ತರದಲ್ಲಿದ್ದರೆ ಯಾವ ಬಂದರು, ಯಾವ ದಿಕ್ಕು ಎಂದೆಲ್ಲ ಅದರಲ್ಲಿ ಬರೆದಿಡುತ್ತಿದ್ದರು. ಎತ್ತರ ಅಳೆಯಲು ಗಂಟು ಹಾಕಿದ ದಾರ, ಮರದ ಚಿಕ್ಕ ಹಲಗೆ. ಹಗ್ಗದಿಂದ ಹೊಲಿದ ಓಡಗಳಲ್ಲಿ ತೆಂಗಿನ ನಾರು ತುಂಬಿಕೊಂಡು ಮಂಗಳೂರಿಗೆ ಬಂದು, ಅಕ್ಕಿ ತುಂಬಿಕೊಂಡು ಮರಳುತ್ತಿದ್ದರು. ನಾರಿನ ಮೇಲಿನ ಸರ್ಕಾರಿ ಏಕಸ್ವಾಮ್ಯ ಅವರನ್ನು ಹಿಂಡಿತು, ಅದನ್ನು ಮರೆಮಾಚಬೇಕಿಲ್ಲ. ಆದರೆ ಗಾಳಿಯನ್ನು ಬಿಟ್ಟು ಬೇರೆ ಇಂಧನವಿಲ್ಲದೆ, ಹೋಗುವಾಗಲೂ ಬರುವಾಗಲೂ ತುಂಬಿದ ಒಡಲು! ಸಾಗಣೆಯ ಲೆಕ್ಕವನ್ನು ಇದಕ್ಕಿಂತ ಚೆನ್ನಾಗಿ ಬಲ್ಲವರನ್ನು ನಾನು ಕಾಣೆ.

ಮಂಗಳೂರಿನ ಜೊತೆಗಿನ ಆ ನಂಟು ಸುಮ್ಮನೆ ಬೆಳೆದದ್ದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ನಕ್ಷೆ ತೆಗೆದು ನೋಡಿ: ಕೊಚ್ಚಿಯಿಂದ ಕಿಲ್ತಾನ್‌ಗೆ ನೇರ ಅಂತರ ಸುಮಾರು 390 ಕಿ.ಮೀ., ಮಂಗಳೂರಿನಿಂದ ಸುಮಾರು 250. ಹನ್ನೆರಡು ನಾಟಿನ ವೇಗದಲ್ಲಿ ಸಾಗುವ ಹಡಗು ಸಂಜೆ ಏಳಕ್ಕೆ ಹೊರಟರೆ ಬೆಳಗಿನ ಏಳರೊಳಗೆ ಅಲ್ಲಿರುತ್ತದೆ. ರಾತ್ರಿ ಮಲಗಿ ಏಳುವವರಿಗೆ ಇದಕ್ಕಿಂತ ವೇಗ ಏಕೆ? ಮಂಗಳೂರಿನ ಹಳೆ ಬಂದರಿನಿಂದ ಸರಕಿನ ಮಂಜಿಗಳು ಹೋಗುವ ದಾರಿಯೇ ಇದು. ಅಲ್ಲಿ ಲಕ್ಷದ್ವೀಪದ ಹಡಗುಗಳಿಗೆಂದು ಜೆಟ್ಟಿ ಕಟ್ಟುವ ಮಾತಾಡುತ್ತಿರುವವರು ಮೊದಲು ಇಂಥದೊಂದು ಹಡಗಿಗಾಗಿ ಕೇಳಲಿ. ದಕ್ಕೆಯ ಉದ್ದ, ಆಳ ಅದರ ಅಳತೆಗೇ ಸಿದ್ಧವಾಗಲಿ.