ಪೋರ್ಟರ್ ಬೆರೆಸಿದ ಗುಲಾಬಿ

ಅಮೆರಿಕದ ಎಲಿಯಟ್ ಪೋರ್ಟರ್ ತೆಗೆದ ಕಾಡಿನ ಫೋಟೋಗಳನ್ನು ‘ನಿಸರ್ಗ ಇದ್ದ ಹಾಗೇ ಇದೆ’ ಎಂದು ಹೊಗಳುವುದುಂಟು. ಈ ಹೊಗಳಿಕೆ ಅವರ ಅರ್ಧ ಕೆಲಸವನ್ನೇ ಮರೆಸುತ್ತದೆ.

ಹಾರ್ವರ್ಡ್‌ನಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತಿದ್ದ ಪೋರ್ಟರ್, ಮುಂದೆ ನ್ಯೂ ಮೆಕ್ಸಿಕೋದ ತೆಸೂಕಿಯ ತಮ್ಮ ಮನೆಯ ಡಾರ್ಕ್‌ರೂಮಿನಲ್ಲಿ ಡೈ ಟ್ರಾನ್ಸ್‌ಫರ್ ವಿಧಾನದಿಂದ ಪ್ರಿಂಟು ಹಾಕುತ್ತಿದ್ದರು. ಒಂದು ಕಲರ್ ಫಿಲ್ಮಿನಿಂದ ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ಮೂರು ಕಪ್ಪು-ಬಿಳುಪು ನೆಗೆಟಿವ್. ಅವುಗಳಿಂದ ಮೂರು ಜೆಲಟಿನ್ ಅಚ್ಚು. ಒಂದನ್ನು ಸಯಾನ್, ಒಂದನ್ನು ಮಜೆಂಟಾ, ಒಂದನ್ನು ಹಳದಿ ಬಣ್ಣದಲ್ಲಿ ನೆನೆಸಿ, ಒಂದೇ ಕಾಗದದ ಮೇಲೆ ಸರದಿಯಂತೆ ಒತ್ತಬೇಕು. ಕೂದಲೆಳೆಯಷ್ಟು ಸರಿದರೂ ಎಲೆಯ ಅಂಚಿಗೆ ಇಲ್ಲದ ಬಣ್ಣದ ಗೆರೆ ಮೂಡುತ್ತದೆ. ತೊಳೆಯುವ ನೀರಿಗೆ ಎಷ್ಟು ಅಸಿಟಿಕ್ ಆಮ್ಲ ಬೆರೆಸುತ್ತೀರಿ ಎಂಬುದರ ಮೇಲೆ ಬಣ್ಣದ ಗಾಢತೆಯೇ ಬದಲಾಗುತ್ತದೆ.

1968ರಲ್ಲಿ ಕೆಂಟಕಿಯ ರೆಡ್ ರಿವರ್ ಕಣಿವೆಯಲ್ಲಿ ತೆಗೆದ ರೆಡ್‌ಬಡ್ ಮರದ ಚಿತ್ರವನ್ನೇ ನೋಡಿ. ಮಂಕು ಕಾಂಡಗಳ ನಡುವೆ ಸಣ್ಣದೊಂದು ಮರ, ಮೈತುಂಬ ಗುಲಾಬಿ ಹೂ. ಆ ಗುಲಾಬಿ ಎಷ್ಟಿರಬೇಕೆಂದು ತೀರ್ಮಾನಿಸಿದ್ದು ವಸಂತವೊಂದೇ ಅಲ್ಲ, ಮಜೆಂಟಾ ತಟ್ಟೆಯ ಮುಂದೆ ನಿಂತ ಮನುಷ್ಯ ಕೂಡ. ಹಾಗಾದರೆ ಚಿತ್ರ ಸುಳ್ಳೇ? ಕಾದಂಬರಿಯೊಳಗಿನ ಊರನ್ನು ನಾವು ಹಾಗೆ ಕೇಳುವುದಿಲ್ಲವಲ್ಲ!

ನನ್ನ ತೊಡಕು ಬೇರೆ. ಈ ಚಿತ್ರವನ್ನು ನಾನು ಕಂಡಿರುವುದು ಪರದೆಯ ಮೇಲೆ ಮಾತ್ರ. ಎರಡು ಜಾಲತಾಣಗಳಲ್ಲಿ ಎರಡು ಗುಲಾಬಿ. ಯಾವುದರ ಬಗ್ಗೆ ವಿಮರ್ಶೆ ಬರೆಯಲಿ?