ಒಂದೂವರೆ ಸುತ್ತಿನ ಅಂದ

ಇಳಿಸಿದ ಕಾರು ಚೆಂದ ಕಾಣುತ್ತದೆ ಅನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಕ್ತಲ್‌ನಿಂದ ರಾಯಚೂರಿಗೆ ಹೋಗುವ 167ನೇ ಹೆದ್ದಾರಿಯಲ್ಲಿ ಸಂಜೆ ಹೊತ್ತು ಹಳೇ ಮಾರುತಿ ಝೆನ್ ಒಂದು ನೆಲಕ್ಕೆ ಅಂಟಿಕೊಂಡಂತೆ ಹಾದುಹೋದರೆ ಚಹಾದಂಗಡಿ ಮುಂದೆ ಕೂತವರ ಕತ್ತು ತಾನಾಗಿ ತಿರುಗುತ್ತದೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ತೂರುವಷ್ಟು ಸಂದಿದ್ದರೆ ಕಾರು ಬೆಳೆದ ಹುಡುಗನಿಗೆ ಹೋದ ವರ್ಷದ ಪ್ಯಾಂಟು ತೊಡಿಸಿದಂತೆ ಕಾಣುತ್ತದೆ. ಸಂದು ಎರಡು ಬೆರಳಿಗೆ ಇಳಿಯಲಿ, ಅದೇ ಡಬ್ಬಿಗೆ ಮೈಕಟ್ಟು ಬಂದುಬಿಡುತ್ತದೆ. ಹಾಗಾಗಿ ‘ಇದೆಲ್ಲ ಹುಡುಗಾಟ’ ಎನ್ನುವ ಹಿರಿಯರ ಪಕ್ಷ ನನ್ನದಲ್ಲ. ನನ್ನ ತಕರಾರು ಇರುವುದು ಇಳಿಸುವ ರೀತಿಯ ಬಗ್ಗೆ.

ಕೊತ್ತಪಲ್ಲಿಯಂಥ ನಮ್ಮ ಗಡಿ ಊರುಗಳಲ್ಲಿ ಹಿಂದಿನ ತಲೆಮಾರು ಮಾಡಿಸಿದ್ದು ಇದರ ತಿರುವುಮುರುವು. ಅಂಬಾಸಡರ್ ಇದ್ದವರು ಹಿಂಭಾಗಕ್ಕೆ ಒಂದು ಸ್ಪ್ರಿಂಗ್ ಪಾಟಾ ಹೆಚ್ಚಿಗೆ ಹಾಕಿಸುತ್ತಿದ್ದರು. ಮಾರುತಿ ಬಂದ ಮೇಲೆ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕಿಸಿದರು. ಡಿಕ್ಕಿಯಲ್ಲಿ ಜೋಳದ ಚೀಲ, ಸೀಟಿನಲ್ಲಿ ಬೀಗರು, ಮಡಿಲಲ್ಲಿ ಬೀಗರ ಮಕ್ಕಳು. ಇಷ್ಟು ಹೊತ್ತೂ ಕಾರು ಬಗ್ಗಬಾರದು. ಮಗ ಅದೇ ಕಾರನ್ನು ತಗ್ಗಿಸಿದರೆ ಈ ಗಾಡಿ ಇನ್ನು ಮೇಲೆ ಚೀಲ ಹೊರುವುದಿಲ್ಲ ಎಂದು ಸಾರಿದಂತೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಮೆಕ್ಸಿಕನ್ ಮೂಲದ ಹುಡುಗರು 1940ರ ದಶಕದಲ್ಲಿ ಇದನ್ನೇ ಮಾಡಿದ್ದು, ಡಿಕ್ಕಿಗೆ ಮರಳಿನ ಚೀಲ ಹೇರಿ. ಕ್ಯಾಲಿಫೋರ್ನಿಯಾ 1958ರಲ್ಲಿ ಅದನ್ನು ತಡೆಯಲು ಕಾನೂನು ಮಾಡಿತು. ಮರುವರ್ಷವೇ ಬೇಕೆಂದಾಗ ಏರಿ ಬೇಡವೆಂದಾಗ ಇಳಿಯುವ ಹೈಡ್ರಾಲಿಕ್ ಕಾರು ರಸ್ತೆಗೆ ಬಂತು. ಮರಳಿನ ಚೀಲ ನಮಗೆ ಹೊಸದೇನಲ್ಲ. ನಮ್ಮ ಮದುವೆ ದಿಬ್ಬಣದ ಕಾರಿಗೆ ಎಂಟು ಜನ ಹತ್ತಿದರೆ ಅದೂ ಪುಗಸಟ್ಟೆ ಇಳಿದೇ ಇರುತ್ತದೆ.

ಕೈಯಲ್ಲಿ ದುಡ್ಡಿಲ್ಲದವನ ಮುಂದೆ ಇರುವ ದಾರಿ ಎರಡು: ಸ್ಪ್ರಿಂಗ್ ಕತ್ತರಿಸುವುದು, ಇಲ್ಲವೇ ಕಾಯಿಸುವುದು. ಮೊದಲನೆಯದನ್ನು ಒಂದು ಶೆಡ್ಡಿನಲ್ಲಿ ಪಕ್ಕದಲ್ಲೇ ಕೂತು ನೋಡಿದ್ದೇನೆ. ಬಿಚ್ಚಿದ ಸ್ಪ್ರಿಂಗನ್ನು ಮಿಸ್ತ್ರಿ ಕಾಲಡಿ ಒತ್ತಿ ಹಿಡಿದು ಸೀಮೆಸುಣ್ಣದಿಂದ ಗುರುತು ಹಾಕಿದ. "ಎರಡು ಸುತ್ತು ತೆಗೀರಿ ಚಾಚಾ" ಎಂದ ಹುಡುಗ. "ಒಂದೂವರೆ ಸಾಕು ಬೇಟಾ. ತೆಗದಿದ್ದು ಹೊಳ್ಳಿ ಹಚ್ಚಾಕ ಬರಂಗಿಲ್ಲ" ಎಂದು ಚಾಚಾ ಗ್ರೈಂಡರ್ ಒತ್ತಿದ. ಕಿಡಿ ಹಾರಿ ಹತ್ತಿರ ಮಲಗಿದ್ದ ನಾಯಿ ಎದ್ದು ಓಡಿತು. ಬಿದ್ದ ತುಂಡನ್ನು ಚಾಚಾ ನೀರಿನ ಬಕೆಟ್ಟಿಗೆ ಎಸೆದ. ಉಳಿದ ಸ್ಪ್ರಿಂಗಿಗೆ ಮಾತ್ರ ನೀರು ತಾಗಿಸಲಿಲ್ಲ, ತಾನಾಗಿ ಆರಲು ಬಿಟ್ಟ. ಕತ್ತರಿಸಿದ ತುದಿ ಕೆಳಗಿನ ಸೀಟಿನ ಮೆಟ್ಟಿಲಿಗೆ ಕೂರುವವರೆಗೆ ಮೂರು ಸಲ ತಿರುಗಿಸಿ ನೋಡಿದ. ಆ ಮೂರು ಸಲದಲ್ಲಿ ಒಬ್ಬ ಕೆಲಸಗಾರನ ಅಳತೆ ಸಿಕ್ಕಿತು ನನಗೆ.

ಎರಡನೇ ದಾರಿಯಲ್ಲಿ ಬಿಚ್ಚುವ ತಾಪತ್ರಯವೂ ಇಲ್ಲ. ಗಾಡಿ ನಿಂತಲ್ಲೇ ಗ್ಯಾಸಿನ ಬೆಂಕಿ ಹಿಡಿದರಾಯಿತು, ಸ್ಪ್ರಿಂಗ್ ಕೆಂಪಾಗಿ ಮೆಲ್ಲಗೆ ಕುಸಿಯುತ್ತದೆ, ನೋಡಲು ಜಾದೂ. ಇದರ ಬಗ್ಗೆ ಊರ ಕಮ್ಮಾರನನ್ನು ಕೇಳಿ. ಲಾರಿಯ ಮುರಿದ ಪಾಟಾ ತಂದು ಕೊಟ್ಟರೆ ಅವನು ಕೊಡಲಿ, ಕುಡುಗೋಲು ಮಾಡಿಕೊಡುತ್ತಾನೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿದಾಗ ಉಕ್ಕಿನ ಹಳೆಯ ಹದ ಹೋಗುತ್ತದೆ ಎಂದು ಗೊತ್ತಿರುವುದರಿಂದಲೇ ಬಡಿದಾದ ಮೇಲೆ ನೀರಿಗೆ ಅದ್ದಿ ಹೊಸ ಹದ ಕೊಡುತ್ತಾನೆ. ಕಾರಿನ ಸ್ಪ್ರಿಂಗಿಗೂ ಕಾರ್ಖಾನೆಯಲ್ಲಿ ಹಾಗೆ ಕೊಟ್ಟ ಹದವಿದೆ. ಗ್ಯಾಸ್ ಹಿಡಿದವನು ಅದನ್ನು ತೆಗೆಯುತ್ತಾನೆ, ತಿರುಗಿ ಕೊಡುವುದಿಲ್ಲ. ಎಡಕ್ಕೆ ಎಷ್ಟು ಬಿಸಿ, ಬಲಕ್ಕೆ ಎಷ್ಟು ಎಂಬ ಲೆಕ್ಕವೂ ಇಲ್ಲ. ಕೆಲವು ವಾರಗಳಲ್ಲಿ ಕಾರು ಒಂದು ಕಡೆ ವಾಲುತ್ತದೆ, ಒಂದು ಹೆಡ್‌ಲೈಟ್ ಎದುರಿನವನ ಕಣ್ಣಿಗೆ, ಇನ್ನೊಂದು ಗುಂಡಿಗೆ. ಇದಕ್ಕೆ ನನ್ನಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಕತ್ತರಿಸುವುದಕ್ಕೆ ಇರುವ ಕೆಟ್ಟ ಹೆಸರು ಮಾತ್ರ ಅರ್ಧ ಅನ್ಯಾಯ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದೂವರೆ ತೆಗೆದರೆ ಉಳಿದದ್ದು ಮೊದಲಿಗಿಂತ ಮೂರನೇ ಒಂದರಷ್ಟು ಹೆಚ್ಚು ಗಡುಸು. ಆಡಲು ಜಾಗ ಕಡಿಮೆಯಾದ ಗಾಡಿಗೆ ಆ ಗಡಸುತನ ಬೇಕೇ ಬೇಕು. ಕೆಡುವುದು ಆಮೇಲೆ. ದುಡ್ಡು ಗ್ರೈಂಡರಿಗೇ ಮುಗಿದಿರುತ್ತದೆ, ಜಂಪರ್ (ಶಾಕ್ ಅಬ್ಸಾರ್ಬರ್) ಮಾತ್ರ ಹಳೆಯದೇ. ಎಣ್ಣೆ ಸೋರಿದ ಆ ಜಂಪರ್‌ಗೆ ಮೆತ್ತಗಿನ ಸ್ಪ್ರಿಂಗನ್ನೇ ಹಿಡಿಯಲಾಗುತ್ತಿರಲಿಲ್ಲ, ಈಗ ಗಡುಸಾದದ್ದನ್ನು ಹಿಡಿಯಬೇಕು. ಕಾರು ಕುಣಿಯುತ್ತದೆ, ಪ್ರತಿ ಗುಂಡಿಗೂ ಬಂಪ್ ಸ್ಟಾಪರ್‌ಗೆ ಹೋಗಿ ಗುದ್ದುತ್ತದೆ. ಝೆನ್‌ನ ಹಿಂದಿನ ಆಕ್ಸಲನ್ನು ಅಡ್ಡಕ್ಕೆ ಹಿಡಿದ ರಾಡ್ ಇದೆಯಲ್ಲ, ಕಾರು ಇಳಿದಾಗ ಅದು ಆಕ್ಸಲನ್ನು ಒಂದು ಪಕ್ಕಕ್ಕೆ ತುಸು ನೂಕುತ್ತದೆ. ಮುಂದಿನ ಚಕ್ರಗಳ ಓರೆಯೂ ಬದಲಾಗುತ್ತದೆ. ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರಿನ ಒಳಮೈ ಸವೆದು ನೂಲು ಕಂಡಾಗಲೇ ಗೊತ್ತಾಗುವುದು. ಇನ್ನು ತೀರಾ ಗಿಡ್ಡ ಮಾಡಿದ ಹಿಂದಿನ ಸ್ಪ್ರಿಂಗ್, ಪಂಕ್ಚರ್ ಆಯಿತೆಂದು ಜಾಕ್ ಹಾಕಿದಾಗ ಸಡಿಲಾಗಿ ಹೊರಗೇ ಬಿದ್ದೀತು.

ಆದ್ದರಿಂದ ಜೇಬಿನಲ್ಲಿ ಇರುವುದಿಷ್ಟೇ ಎನ್ನುವವನಿಗೆ ನನ್ನ ಮಾತು: ಮೊದಲು ಟೇಪ್ ಹಿಡಿ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ನಾಲ್ಕೂ ಮೂಲೆಯಲ್ಲಿ ಅಳೆ. ಇಪ್ಪತ್ತು ವರ್ಷದ ಗಾಡಿ ಅದಾಗಲೇ ಕುಗ್ಗಿರುತ್ತದೆ, ಅದೂ ಡ್ರೈವರ್ ಕಡೆಗೆ ಒಂದಿಷ್ಟು ಹೆಚ್ಚು. ಬುಷ್, ಮೌಂಟಿಂಗ್, ಜಂಪರ್ ಹೊಸದಾಗಲಿ. ಇಷ್ಟಕ್ಕೇ ಗಾಡಿಯ ನಿಲುವು ಬದಲಾಗುತ್ತದೆ. ಆಮೇಲೂ ಆಸೆ ಉಳಿದರೆ ಒಂದು ಸುತ್ತು ತೆಗೆಸು.

ರಸ್ತೆಯ ಹಂಪಿನ ಕಥೆ ಬೇರೆ. ಝೆನ್‌ನ ಹೊಟ್ಟೆಗೂ ನೆಲಕ್ಕೂ ಕಂಪನಿ ಬಿಟ್ಟ ಅಂತರ 165 ಮಿ.ಮೀ. ಎರಡು ಇಂಚು ಇಳಿಸಿದರೆ ಉಳಿಯುವುದು 115ರ ಆಸುಪಾಸು. ಜನ ಹತ್ತಿದ ಮೇಲೆ ಇನ್ನೂ ಕಡಿಮೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅಷ್ಟು ಅಗಲದ ದಿಬ್ಬ ಝೆನ್‌ನ ಎರಡು ಆಕ್ಸಲ್‌ಗಳ ನಡುವೆ ಕೇವಲ 4 ಸೆಂ.ಮೀ. ಉಬ್ಬುತ್ತದೆ. ಇಳಿಸಿದ ಕಾರೂ ಅದನ್ನು ತಣ್ಣಗೆ ದಾಟೀತು. ಊರೊಳಗಿನ ಹಂಪ್ ಹಾಗಿರುವುದಿಲ್ಲ. ಡಾಂಬರು ಉಳಿದಾಗ ಶಾಲೆ ಮುಂದೊಂದು, ಹನುಮಪ್ಪನ ಗುಡಿ ಮುಂದೊಂದು ಗುಡ್ಡೆ ಸುರಿದು ಸಲಿಕೆಯಿಂದ ತಟ್ಟಿದ್ದು, ಹೊಲದ ಬದುವಿನಂತೆ ಕಿರಿದು, ಕಡಿದು. ಅಲ್ಲಿ ಎತ್ತರವೆಲ್ಲ ಚೇಂಬರಿಗೇ ಬಡಿಯುತ್ತದೆ. ಚೇಂಬರ್ ಒಡೆದು ಎಣ್ಣೆ ಸೋರಿದರೆ ಎಂಜಿನ್ನೇ ಹೋಯಿತು. ಬೈಗುಳ ಹುಡುಗನಿಗೆ ಬೀಳುತ್ತದೆ, ಸಲಿಕೆ ಹಿಡಿದವನನ್ನು ಯಾರೂ ಕೇಳುವುದಿಲ್ಲ.

ಕಾನೂನೂ ಬೆನ್ನು ಹತ್ತಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿಯ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ದಾರಿಯಲ್ಲಿ ಇದನ್ನು ಯಾರೂ ಅಳೆಯಲು ಬರುವುದಿಲ್ಲ, ನಿಜ. ಆದರೆ ಮೂಲ ಝೆನ್ ತಯಾರಾದದ್ದು 1993ರಿಂದ 2006ರವರೆಗೆ. ಇಂದು ಓಡುತ್ತಿರುವ ಒಂದೊಂದೂ 15 ವರ್ಷ ದಾಟಿದ್ದು, ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ತಪಾಸಣೆಗೆ ನಿಲ್ಲಲೇಬೇಕು. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲೇ 5,000ಕ್ಕೆ ಏರಿತ್ತು.

ಒಂದೂವರೆ ಸುತ್ತಿನ ನಮ್ಮ ಹುಡುಗನ ಸರದಿಯೂ ಬಂತು. ಗುಜರಿಯಲ್ಲಿ ಹುಡುಕಿದ, ಜೋಡಿ ಸ್ಪ್ರಿಂಗ್ ಸಿಗಲಿಲ್ಲ. ಕೊನೆಗೆ ಗೆಳೆಯನ ಝೆನ್‌ನಿಂದ ಕತ್ತರಿಸದ ನಾಲ್ಕೂ ಸ್ಪ್ರಿಂಗ್ ಎರವಲು ತಂದು ಹಾಕಿಸಿಕೊಂಡು ಹೋದ. ಆ ಎರಡು ದಿನ ಗೆಳೆಯನ ಕಾರು ಮನೆ ಮುಂದೆ ಚಕ್ರವಿಲ್ಲದೆ ಇಟ್ಟಿಗೆಯ ಮೇಲೆ ನಿಂತಿತ್ತು, ಓಣಿಯ ಎಲ್ಲ ಕಾರಿಗಿಂತ ಎತ್ತರಕ್ಕೆ. ಅದರ ನೆರಳಲ್ಲಿ ಕೋಳಿಗಳು ಮಲಗಿದ್ದವು.