ಎಳೆಯ ಉದ್ದ, ಕೂಲಿಯ ಲೆಕ್ಕ

ಪುತ್ತೂರು, ಸುಳ್ಯ, ಕಡಬದ ನಮ್ಮ ನೆಲದಲ್ಲಿ ಅಡಿಕೆ ಉಂಟು, ರಬ್ಬರ್ ಉಂಟು, ಗೇರು ಉಂಟು. ಹತ್ತಿಯ ಬೆಳೆ ಇಲ್ಲ. ಹಾಗಿರುವಾಗ ಹತ್ತಿಗೆ ಸಿಕ್ಕ ಪರದೇಶದ ತಾಂತ್ರಿಕ ನೆರವಿನ ಮಾತು ನಮಗೆ ಯಾಕೆ ಅಂತ ಕೇಳಬಹುದು. ಬಟ್ಟೆ ನಮ್ಮ ಮೈಮೇಲೆ ಕೂಲಿಯಾಗಿ ಬಂದದ್ದು, ಅದಕ್ಕೇ. 1801ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಜೀತದಾಳುಗಳ ಲೆಕ್ಕ ಬರೆದಿಟ್ಟ: ದಿನದ ಅಕ್ಕಿ, ವರ್ಷದ ಬಟ್ಟೆ. ನಮ್ಮ ಅಜ್ಜಿಯೂ ಧಣಿಯ ಅಂಗಳದಲ್ಲಿ ಕೈಯೊಡ್ಡಿ ವರ್ಷಕ್ಕೊಂದು ಸೀರೆ ತಂದವಳೇ. ಅದು ದಾನ ಅಂತ ಧಣಿ ಹೇಳುತ್ತಿದ್ದ. ದುಡಿದದ್ದಕ್ಕೆ ಬಂದದ್ದು ದಾನ ಹೇಗಾಯಿತು ಅಂತ ಅಜ್ಜಿ ಕೇಳಲಿಲ್ಲ. ನಾಲ್ಕಕ್ಷರ ಕಲಿತ ನಾವು ಕೇಳಬೇಕು. 'ನೆರವು' ಎಂಬ ಮಾತಿಗೂ ಇದೇ ಪ್ರಶ್ನೆ ಹಾಕಬೇಕು.

ಜೆ. ಫೋರ್ಬ್ಸ್ ರಾಯ್ಲ್ 1851ರಲ್ಲಿ ಲಂಡನ್ನಿನಲ್ಲಿ ಭಾರತದ ಹತ್ತಿಯ ಬಗ್ಗೆ ಪುಸ್ತಕ ತಂದ. ಆ ಕಾಲದ ಇಂಗ್ಲಿಷರ ಬರಹಗಳಲ್ಲಿ ನಮ್ಮ ಹತ್ತಿಯ ಮೇಲೆ ಮತ್ತೆ ಮತ್ತೆ ಒಂದೇ ದೂರು: ಎಳೆ ಗಿಡ್ಡ, ಕಸ ಜಾಸ್ತಿ. ಯಾರ ಅಳತೆಗೆ ಗಿಡ್ಡ? ಲಂಕಾಶೈರಿನ ಯಂತ್ರದ ಅಳತೆಗೆ. ನಮ್ಮ ರಾಟೆಗೆ, ನಮ್ಮ ಮಗ್ಗಕ್ಕೆ ಅದೇ ಎಳೆ ಶತಮಾನಗಳ ಕಾಲ ಸಾಕಾಗಿತ್ತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಅಮೆರಿಕದ ದಕ್ಷಿಣ ಸೀಮೆಯಿಂದ 10 ಮಂದಿ ಹತ್ತಿ ಬೆಳೆಗಾರರನ್ನು ಕರೆಸಿತು. ನ್ಯೂ ಆರ್ಲಿಯನ್ಸ್ ಬೀಜ ಧಾರವಾಡದ ಎರೆಮಣ್ಣಿನಲ್ಲಿ ಬೇರೂರಿತು. ಗರಗಸದ ಜಿನ್ ಬಂತು. 'ಧಾರವಾಡ-ಅಮೆರಿಕನ್' ಅಂತ ಹತ್ತಿಗೆ ಹೆಸರೂ ಬಂತು. ಬಂದವರು ಕಸುಬು ಬಲ್ಲವರು, ಒಪ್ಪೋಣ. ಆದರೆ ಅವರ ಸೀಮೆಯಲ್ಲಿ ಆ ಕಸುಬು ನಿಂತದ್ದು ಕಪ್ಪು ಗುಲಾಮರ ಬೆನ್ನಿನ ಮೇಲೆ. ಇತ್ತ ನಮ್ಮ ಜೀತದಾಳುಗಳ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರ 5ನೇ ಕಾಯ್ದೆಯಿಂದ. ಕಾಯ್ದೆ ಬಂದರೂ ಜೀತ ಬಿಡಲಿಲ್ಲ. ಹತ್ತಿಗೆ ಕಸ ಬೆರೆಸಿದವರನ್ನು ಶಿಕ್ಷಿಸುವ ಕಾನೂನು ಮುಂಬಯಿ ಪ್ರಾಂತದಲ್ಲಿ 1863ರಲ್ಲೇ ಬಂತು. ಕನಿಷ್ಠ ಕೂಲಿಯ ಕಾನೂನು ಬಂದದ್ದು 1948ರಲ್ಲಿ. ಯಾವುದಕ್ಕೆ ಅವಸರ ಇತ್ತು ಅಂತ ಇಷ್ಟರಲ್ಲೇ ತಿಳಿಯುತ್ತದೆ.

ನಮಗೆ ಹತ್ತಿರದ ಮಂಗಳೂರಿನ ಕತೆ ಸ್ವಲ್ಪ ಬೇರೆ. ಸ್ವಿಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಅಲ್ಲಿಗೆ ಬಂತು. 1851ರಲ್ಲಿ ಹಾಲರ್ ಎಂಬ ನೇಕಾರ ಬಂದು ಯುರೋಪಿನ ಮಗ್ಗ ಹೂಡಿದ, ಬಣ್ಣದ ಮನೆ ನಡೆಸಿದ. ಖಾಕಿ ಬಣ್ಣ ಕಂಡುಹಿಡಿದ ಕೀರ್ತಿಯನ್ನೂ ಅವನಿಗೆ ಕೊಡುತ್ತಾರೆ. ಮತಾಂತರವಾಗಿ ಜಾತಿ, ಗೇಣಿ ಭೂಮಿ ಎರಡನ್ನೂ ಕಳಕೊಂಡವರು, ಅವರಲ್ಲಿ ಬಿಲ್ಲವರೇ ಹೆಚ್ಚು, ಕೂತು ನೇಯ್ದು ಸಂಬಳ ಎಣಿಸಿದರು. ಧಣಿಯ ಸೀರೆಗೂ ಕೈಗೆ ಬಂದ ಸಂಬಳಕ್ಕೂ ಇರುವ ಅಂತರವನ್ನು ನಾವು ಮರೆಮಾಚುವುದಿಲ್ಲ. ಆದರೂ ಮಗ್ಗ ಮಿಷನ್ನಿನದು, ಲಾಭವೂ ಮಿಷನ್ನಿನ ಕೆಲಸಕ್ಕೇ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಆ ಕಾರ್ಖಾನೆಗಳನ್ನು ಕಿತ್ತುಕೊಂಡರು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಮಗ್ಗ ಕೈಯಿಂದ ಕೈಗೆ ಹೋಯಿತು, ನೇಯುವ ಕೈಗೆ ಮಾತ್ರ ಬರಲಿಲ್ಲ.

ಈಚೆಗೆ ಕೊಡುವವರ ಸಾಲಿನಲ್ಲಿ ನಮ್ಮ ಸರ್ಕಾರವೂ ಕೂತಿದೆ. 2012ರಲ್ಲಿ ಬೆನಿನ್, ಬುರ್ಕಿನಾ ಫಾಸೊ, ಮಾಲಿ, ಚಾಡ್, ಉಗಾಂಡಾ, ನೈಜೀರಿಯಾ, ಮಲಾವಿ ಎಂಬ 7 ಆಫ್ರಿಕದ ದೇಶಗಳಿಗೆ ಹತ್ತಿಯ ತಾಂತ್ರಿಕ ನೆರವು ಶುರುಮಾಡಿತು. ಬಡವರು ಬಡವರಿಗೆ ಕಲಿಸುವುದು ಒಳ್ಳೆಯದೇ. ಆದರೆ ಹತ್ತಿಯಲ್ಲಿ ನಾವು ಪಂಡಿತರು ಅಂತ ಎದೆ ತಟ್ಟುವ ಮೊದಲು ನಮ್ಮ ಹೊಲ ನೋಡಬೇಕಲ್ಲ? 1972ರಲ್ಲಿ ಧಾರವಾಡದಿಂದ 'ವರಲಕ್ಷ್ಮಿ' ಎಂಬ ಹೈಬ್ರಿಡ್ ಹತ್ತಿ ಬಂತು. ಹೈಬ್ರಿಡ್ ಬೀಜ ಬೇಕಾದರೆ ಒಂದೊಂದು ಹೂವಿನ ಕೇಸರವನ್ನೂ ಕೈಯಲ್ಲಿ ಕಿತ್ತು, ಮರುದಿನ ಬೇರೆ ತಳಿಯ ಪರಾಗ ಮುಟ್ಟಿಸಬೇಕು. ಆಂಧ್ರ, ಕರ್ನಾಟಕ, ಗುಜರಾತಿನ ಬೀಜದ ಹೊಲಗಳಲ್ಲಿ ಆ ಕೆಲಸಕ್ಕೆ ಶಾಲೆ ಬಿಡಿಸಿ ನಿಲ್ಲಿಸಿದ್ದು ಬಡವರ ಮನೆಯ ಹೆಣ್ಣುಮಕ್ಕಳನ್ನು. ವಿಜ್ಞಾನ ತಪ್ಪಲ್ಲ. ಆ ಬೆರಳುಗಳನ್ನು ಲೆಕ್ಕದಿಂದ ಬಿಟ್ಟದ್ದು ತಪ್ಪು.

ಹಳ್ಳಿಯ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ಇಷ್ಟೇ ಕೇಳಿಕೊಳ್ಳುತ್ತೇವೆ. ನೆರವಿನ ವರದಿ ಕೈಗೆ ಸಿಕ್ಕಿದರೆ ಎಳೆಯ ಉದ್ದ, ಟನ್ನಿನ ಲೆಕ್ಕ ಓದಿ ಸುಮ್ಮನಾಗಬೇಡಿ. ಬಿಡಿಸಿದವಳ ಕೂಲಿ ಎಷ್ಟು? ಬೀಜ ಯಾರದು? ಮಗ್ಗ ಯಾರದು? ಈ ಮೂರಕ್ಕೆ ಉತ್ತರ ಇಲ್ಲದ ನೆರವು ನಮ್ಮ ಅಜ್ಜಿಗೆ ಸಿಕ್ಕ ಸೀರೆಯ ಹಾಗೆಯೇ: ನಮ್ಮ ದುಡಿಮೆಯನ್ನು ನಮಗೇ ದಾನ ಅಂತ ಕೊಟ್ಟದ್ದು.